ನಮ್ಮ ಹುಡುಗರ ಹೊಸ ಇಪಿ (ಚಿಕ್ಕ ಆಲ್ಬಮ್) ಬಂತು: 5 ಹಾಡು, 13 ನಿಮಿಷ. ಇಷ್ಟೇನಾ?

ಮೂರನೇ_ಗೇಟ್ (ಬೆಳಗಾವಿ)
ಬ್ಯಾಂಡಿನ ಹೆಸರು ಬೇರೆ ಬರೆಯಬೇಕಾ? ಇಲ್ಲಿರುವ ಎಲ್ಲರಿಗೂ ಯಾರ ಮಾತು ಅಂತ ಗೊತ್ತು. ನಿನ್ನೆ ರಾತ್ರಿ ಸದ್ದಿಲ್ಲದೆ ಇಪಿ ಬಿಟ್ಟಿದ್ದಾರೆ. ಪೋಸ್ಟರ್ ಇಲ್ಲ, ಟೀಸರ್ ಇಲ್ಲ. ಹಿಂದಿನ ಆಲ್ಬಮ್ ಆದ ಮೇಲೆ ಇಷ್ಟು ಕಾಯಿಸಿ 13 ನಿಮಿಷ ಕೊಡೋದಾ?

ಇನ್ನೂ ಕೇಳದವರಿಗೆ: ಒಂದನೇ ಹಾಡು ಎಲ್ಲಮ್ಮನ ಪದಗಳ ತಂತಿವಾದ್ಯ ಚೌಡಿಕೆಯಿಂದ ಶುರುವಾಗುತ್ತೆ. ಅದನ್ನ ಸದ್ದು ಒಡೆದು ಗೊರಗೊರ ಮಾಡುವ ಡಿಸ್ಟಾರ್ಷನ್ ಪೆಡಲ್‌ಗೆ ಹಾಕಿದ್ದಾರೆ, ಹಿಂದೆ ಹೆವಿ ಮೆಟಲ್. ಎರಡನೆಯದು ಮೆರವಣಿಗೆಯ ಬೆಂಜೊ ಪಾರ್ಟಿ, ಕೆಳಗೆ ಸರ್ಫ್ ರಾಕ್ (ಪಟಪಟ ಗಿಟಾರಿನ ರಾಕ್). ಮೂರನೆಯದು ಭಜನೆ. ಅದು ಎಲ್ಲಿಗೆ ಹೋಗುತ್ತೆ ಅಂತ ನಾನು ಹೇಳಲ್ಲ. ನಾಲ್ಕನೆಯದು ಸವಾಲು-ಜವಾಬಿನ ಗೀಗೀ ಪದ ಮತ್ತು ರ್‍ಯಾಪ್, ಬರೀ 41 ಸೆಕೆಂಡ್. ಐದನೆಯದರಲ್ಲಿ ಒಂದು ಹಾರ್ಮೋನಿಯಂ, ಒಂದು ದನಿ. ಡ್ರಮ್ಸ್ ಇಲ್ಲವೇ ಇಲ್ಲ.

ನನ್ನ ತಕರಾರು ಮೂರನೇ ಹಾಡಿನದು. ಇವರು ಇಲ್ಲಿಯವರೆಗೆ ಮಾಡಿದ್ದರಲ್ಲೇ ಒಳ್ಳೆ ಹಾಡು ಅದು. ಸರಿಯಾಗಿ ಕಾವು ಏರುವ ಹೊತ್ತಿಗೆ ದನಿ ಇಳಿಸಿ ಮುಗಿಸಿಬಿಟ್ಟಿದ್ದಾರೆ. 2 ನಿಮಿಷ 20 ಸೆಕೆಂಡ್. ಯಾಕೆ?

ಇಂಡಿ_ನಿಂಬೆಹಣ್ಣು (ವಿಜಯಪುರ)
ಮೊದಲ ಕಮೆಂಟ್ ನಂದೇ. ಎರಡನೇ ಹಾಡು ಬೆಂಕಿ. ಉಳಿದದ್ದು ಆಮೇಲೆ ಬರೀತೀನಿ, ಬಸ್ಸಿನಲ್ಲಿದ್ದೀನಿ.

ಇಳಕಲ್_ದಡಿ (ಬಾಗಲಕೋಟೆ)
ಮೂರನೇ ಗೇಟ್ ಅಣ್ಣಾ, ನೀವು ಹಿಂದಿನ ಆಲ್ಬಮ್ ಬಂದಾಗ "ಉದ್ದ ಜಾಸ್ತಿ ಆಯ್ತು, ಕೊನೆಯ ಮೂರು ಹಾಡು ತೆಗೆಯಬೇಕಿತ್ತು" ಅಂತ ಇದೇ ಗುಂಪಿನಲ್ಲಿ ಬರೆದಿದ್ದಿರಿ. ಹುಡುಗರು ಓದಿರಬೇಕು 😄

ಮೂರನೇ_ಗೇಟ್
ತೆಗೀರಿ ಅಂದಿದ್ದು ಬೇಡಾದ ಹಾಡು. ಬೇಕಾದ ಹಾಡಿನ ಅರ್ಧ ಅಲ್ಲ ಅಕ್ಕಾ.

ತಾಳ_ತಪ್ಪಿದವ (ಗೋಕಾಕ)
ಮೂರನೇ ಹಾಡಿನಲ್ಲಿ ಏನಾಗುತ್ತೆ ಅಂತ ನಾನೇ ಹೇಳ್ತೀನಿ, ಗುಟ್ಟೇನಿಲ್ಲ. ನಾನು ತಬಲಾ ಕಲಿತವನು, ಹೊಟ್ಟೆಪಾಡಿಗೆ ಬೇರೆ ಕೆಲಸ.

ಶುರುವಿಗೆ ಭಜನಿ ಠೇಕಾ (ಭಜನೆಯ ತಬಲಾ ಬಡಿತ), 8 ಮಾತ್ರೆ, ಅಂದರೆ ಸುತ್ತಿಗೆ 8 ಎಣಿಕೆ. ಮಂಗಳವಾರ, ಶುಕ್ರವಾರ ಗುಡಿಯಲ್ಲಿ ಕೂತವರಿಗೆ ಇದು ಕೈಯಲ್ಲೇ ಇರುತ್ತೆ. ಯೋಚಿಸದೆ ಚಪ್ಪಾಳೆ ಬೀಳುತ್ತೆ. ಎರಡನೇ ನುಡಿ ಮುಗಿದ ಕೂಡಲೇ ಅದು ರೂಪಕ ತಾಳಕ್ಕೆ ಹೊರಳುತ್ತೆ. 7 ಮಾತ್ರೆ, ಮೂರು-ಎರಡು-ಎರಡು. ಒಂದು ಮಾತ್ರೆ ಕಡಿಮೆಯಾದದ್ದಷ್ಟೇ ಅಲ್ಲ. ರೂಪಕದಲ್ಲಿ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಬೀಳುವ ಜಾಗವೇ ಖಾಲಿ. ತೀ ತೀ ನಾ, ಧಿ ನಾ, ಧಿ ನಾ. ಬೇರೆ ತಾಳಗಳಲ್ಲಿ ಎಲ್ಲಿ ಗಟ್ಟಿಯಾಗಿ ಬಡಿಯುತ್ತಾರೋ, ಇಲ್ಲಿ ಅಲ್ಲಿ ಬಾಯಾ (ಎಡಗೈ ತಬಲಾ) ಸುಮ್ಮನಿರುತ್ತೆ. ಚಪ್ಪಾಳೆ ಹೊಡೆಯುವವನ ಕೈ ಗಾಳಿಯಲ್ಲೇ ನಿಲ್ಲುತ್ತೆ.

ಆದರೆ ಬೇಸ್ ಗಿಟಾರ್ ಬಾರಿಸುವ ಹುಡುಗಿ ಹಳೇ 8ರ ಲೆಕ್ಕದಲ್ಲೇ ಹೋಗ್ತಾಳೆ. ಬಿಡೋದೇ ಇಲ್ಲ. 7 ಮತ್ತು 8 ಮತ್ತೆ ಒಟ್ಟಿಗೆ ಬಂದು ಕೂಡೋದು 56 ಮಾತ್ರೆಗೆ. ಆ ಕೂಡುವ ಜಾಗಕ್ಕೇ ಎಲ್ಲರೂ ಒಟ್ಟಿಗೆ "ವಿಠ್ಠಲ" ಅಂತಾರೆ. ಹೆಡ್‌ಫೋನ್ ಹಾಕಿಕೊಂಡು ಎಣಿಸಿ ನೋಡಿ. ಅದು ಒಂದೇ ಸಲ ಆಗೋದು, ಆಮೇಲೆ ಹಾಡು ಮುಗೀತು. ಎರಡನೇ ಸಲ ಕೂಡುವುದನ್ನ ಕೇಳಬೇಕು ಅಂತ ಜೀವ ಎಳೆಯುತ್ತೆ. ಮೂರನೇ ಗೇಟ್ ಸಿಟ್ಟಾಗಿರೋದು ಅದಕ್ಕೇ. ನನಗೆ ಮಾತ್ರ ಒಂದೇ ಸಲ ಆಗಿದ್ದು ಸರಿ ಅನ್ಸುತ್ತೆ.

ಮೂರನೇ_ಗೇಟ್
ಒಂದು ಸಲ ಕೊಟ್ಟು ಕೈ ಎಳೆದುಕೊಂಡ್ರೆ ಅದು ಕಲೆ ಅಲ್ಲ, ಜಿಪುಣತನ.

ಖಾನಾಪುರ_ಮಳೆ (ಬೆಳಗಾವಿ)
ಯಾರಿಗಾದರೂ ಮೂರನೇ ಹಾಡಿನ ಕೈತಾಳದ ಸದ್ದು ಕಿವಿಗೆ ಚುಚ್ಚುತ್ತಾ? ಮೊಬೈಲ್ ಸ್ಪೀಕರ್‌ನಲ್ಲಿ ಬರೀ ಛಣ್ ಛಣ್. ಹಾಡುವವನ ದನಿ ಅದರ ಹಿಂದೆ ಎಲ್ಲೋ ಇದೆ. ಕಾರಿನಲ್ಲಿ ಪರವಾಗಿಲ್ಲ. ಮಿಕ್ಸಿಂಗ್ ಮಾಡಿದವರು ದೊಡ್ಡ ಸ್ಪೀಕರ್‌ನಲ್ಲಿ ಮಾತ್ರ ಕೇಳಿದ್ದಾರೆ ಅಂತ ಕಾಣುತ್ತೆ. ನಮ್ಮಲ್ಲಿ ಯಾರ ಮನೇಲಿ ದೊಡ್ಡ ಸ್ಪೀಕರ್ ಇದೆ?

ಬೆಂಜೊ_ಮಗ (ಬೆಳಗಾವಿ)
ಎರಡನೇ ಹಾಡಿನ ಬಗ್ಗೆ ಬರೆಯೋಕೆ ನನಗೆ ಹಕ್ಕಿದೆ. ನಮ್ಮಪ್ಪ ಗಣಪತಿ ಮೆರವಣಿಗೆಯಲ್ಲಿ ಬೆಂಜೊ ಬಾರಿಸಿದವರು. ಟ್ರಾಲಿ ಮೇಲೆ ಜನರೇಟರ್, ಪಕ್ಕದಲ್ಲಿ ಕುರ್ಚಿ ಹಾಕಿ ಇವರು, ಮುಂದೆ ಹುಡುಗರ ಕುಣಿತ. ಈಗ ಆ ಜಾಗಕ್ಕೆ ಡಿಜೆ ಬಂದಿದೆ.

ಬೆಂಜೊ ಅಂದರೆ ಅಮೆರಿಕದ ಬ್ಯಾಂಜೊ ಅಂದ್ಕೊಂಡವರು ಇಲ್ಲೂ ಇರಬಹುದು. ಎರಡಕ್ಕೂ ಸಂಬಂಧವೇ ಇಲ್ಲ. ನಮ್ಮದು ಬುಲ್‌ಬುಲ್ ತರಂಗ್. ಟೈಪ್‌ರೈಟರ್ ಹಾಗೆ ಬಟನ್ ಇರುತ್ತೆ. ಎಡಗೈಯಲ್ಲಿ ಒತ್ತಬೇಕು, ಬಲಗೈಯಲ್ಲಿ ಪಿಕ್ ಹಿಡಿದು ತಂತಿ ಬಡಿಯಬೇಕು. ಅದರ ಮೂಲ ಜಪಾನ್. 1912ರಲ್ಲಿ ನಗೊಯಾದಲ್ಲಿ ಮೊರಿತಾ ಗೊರೊ ಅನ್ನುವವರು ಮಾಡಿದ ತೈಶೊಗೊತೊ ನಮ್ಮ ದೇಶಕ್ಕೆ ಬಂದು ಹೀಗಾಯಿತು. ನಮ್ಮವರು ಅದಕ್ಕೆ ಪಿಕಪ್ ಹಾಕಿ ಆಂಪ್ಲಿಫೈಯರ್‌ಗೆ ಜೋಡಿಸಿ ಬೀದಿಗೆ ತಂದರು.

ಬಟನ್ ವಾದ್ಯ ಆದ್ದರಿಂದ ಸಿತಾರ್ ಹಾಗೆ ತಂತಿ ಎಳೆದು ಸ್ವರ ಜಾರಿಸೋದು ಕಷ್ಟ. ಸ್ವರ ಉದ್ದ ನಿಲ್ಲೋದೂ ಇಲ್ಲ. ಅದಕ್ಕೇ ಬಾರಿಸುವವರು ಒಂದೇ ಸ್ವರವನ್ನ ಟರ್ರ್ ಅಂತ ಬಿಡದೆ ಬಡೀತಾರೆ. ಸರ್ಫ್ ಗಿಟಾರಿನವರೂ ಅದೇ ಮಾಡೋದು, ಪಟಪಟ ಪಿಕ್, ಮೇಲೆ ಸ್ಪ್ರಿಂಗ್ ರಿವರ್ಬ್ ಅನ್ನೋ ಪ್ರತಿಧ್ವನಿ. ಈ ಹುಡುಗರು ಹೊಸದೇನೂ ಜೋಡಿಸಿಲ್ಲ, ಎರಡೂ ಮೊದಲೇ ಒಂದೇ ಥರ ಇದ್ದವು. 1 ನಿಮಿಷ 12 ಸೆಕೆಂಡಿಗೆ ಗಿಟಾರ್ ಬೆಂಜೊಗೆ ಉತ್ತರ ಕೊಡುತ್ತೆ. ಅಲ್ಲಿ ಯಾವುದು ಯಾವುದು ಅಂತ ನನಗೇ ಹೇಳೋಕೆ ಆಗಲಿಲ್ಲ. ಅಪ್ಪನಿಗೆ ಕೇಳಿಸಿದೆ. ಅವರು ಹೇಳಿದ್ದು ಒಂದೇ ಮಾತು: "ಶ್ರುತಿ ಒಂದು ಎಳೆ ಇಳಿದಿದೆ."

ಇಂಡಿ_ನಿಂಬೆಹಣ್ಣು
ಅಪ್ಪನ ಮಾತು ಕೇಳಿ ನಕ್ಕು ಬಿಟ್ಟೆ. ಪಕ್ಕದ ಸೀಟಿನವರು ತಿರುಗಿ ನೋಡಿದ್ರು.

ಗಡಿ_ಗಟ್ಟಿಗ (ಬೆಳಗಾವಿ)
ಎರಡನೇ ಹಾಡಿನಲ್ಲಿ ಎರಡು ಸಾಲು ಮರಾಠಿ ಇದೆ. ಯಾಕೆ? ಕನ್ನಡ ಬ್ಯಾಂಡ್ ಅಲ್ವಾ?

ಇಳಕಲ್_ದಡಿ
ಬಂತು ನೋಡ್ರಿ.

ಬೆಂಜೊ_ಮಗ
ಸರ್, ಬೆಂಜೊ ಪಾರ್ಟಿಯ ಹಾಡು ಅದು. ನಮ್ಮ ಓಣಿಯಲ್ಲಿ ಮೆರವಣಿಗೆ ಹೊರಟರೆ ಒಂದು ಹಾಡು ಕನ್ನಡ, ಒಂದು ಮರಾಠಿ, ಒಂದು ಹಿಂದಿ. ಕುಣಿಯುವವರು ಯಾರೂ ನಡುವೆ ನಿಂತು ಕೇಳಿಲ್ಲ.

ಗುಂಪಿನ_ನಿರ್ವಾಹಕ
ಗಡಿ ವಿಷಯ ಇಲ್ಲಿ ಬೇಡ. ಇದರ ಮುಂದಿನ ಕಮೆಂಟ್‌ಗಳನ್ನ ಅಳಿಸಿದ್ದೀನಿ. ಹಾಡಿನ ಬಗ್ಗೆ ಮಾತಾಡಿ.

ಸವದತ್ತಿ_ಅಕ್ಕ (ಬೆಳಗಾವಿ)
ಸರಿ, ಹಾಡಿನ ಬಗ್ಗೆಯೇ. ಒಂದನೇ ಹಾಡು ನನಗೆ ಅರ್ಧ ಹಿಡಿಸಿತು, ಅರ್ಧ ಇಲ್ಲ.

ಚೌಡಿಕೆ ನಾನು ಹುಟ್ಟಿದಾಗಿನಿಂದ ಕೇಳಿದ ದನಿ. ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ತುಂಬಾ ಜನ ಎಲ್ಲಮ್ಮನ ಗುಡ್ಡಕ್ಕೆ ಬರ್ತಾರೆ. ಪಡ್ಡಲಗಿ (ದೇವಿಯ ಬುಟ್ಟಿ) ತುಂಬಿಸುವ ಕಡೆಯೆಲ್ಲ ಚೌಡಿಕೆ ಇರಲೇಬೇಕು. ಕಂಕುಳಲ್ಲಿ ಒತ್ತಿ ಹಿಡಿದು ತಂತಿ ಮೀಟ್ತಾರೆ. ಬಿಗಿ ಮಾಡಿದರೆ ದನಿ ಏರುತ್ತೆ, ಸಡಿಲ ಬಿಟ್ಟರೆ ಇಳಿಯುತ್ತೆ. ಬಿಟ್ಟು ಬಿಟ್ಟು ಎಳೆದರೆ ಅದು ಮಾತಾಡಿದ ಹಾಗೆ ಕೇಳುತ್ತೆ. ಈ ಹಾಡಿನ ಮೊದಲ ಇಪ್ಪತ್ತು ಸೆಕೆಂಡ್ ಬರೀ ಅದೇ ಇದೆ, ಪೆಡಲ್‌ನಲ್ಲಿ ಗೊರಗೊರ ಅನ್ನುತ್ತೆ. ಅಲ್ಲಿವರೆಗೆ ಮೈ ಜುಂ ಅಂತು. ಪೆಡಲ್ ಹಾಕಿದ್ದಕ್ಕೆ ನನ್ನ ಆಕ್ಷೇಪ ಇಲ್ಲ. ಗುಡ್ಡದ ಮೇಲೆ ಹರಕು ಮೈಕಿನಲ್ಲಿ ಕೇಳಿದರೂ ಹಾಗೇ ಇರುತ್ತೆ.

ಆದರೆ ಬಾರಿಸಿದವರು ಯಾರು? ಗಿಟಾರ್, ಬೇಸ್, ಡ್ರಮ್ಸ್, ಮಿಕ್ಸಿಂಗ್, ಕವರ್ ಚಿತ್ರ, ಎಲ್ಲರ ಹೆಸರೂ ಹಾಡಿನ ಕೆಳಗೆ ಇದೆ. ಚೌಡಿಕೆಗೆ ಮಾತ್ರ "ಸಾಂಪ್ರದಾಯಿಕ" ಅಂತ ಬರೆದಿದ್ದಾರೆ. ಆ ಕೈ ಕಲಿತ ಹುಡುಗನದಲ್ಲ, ಜೋಗತಿಯ ಕೈ. ಕೇಳಿದರೆ ಗೊತ್ತಾಗುತ್ತೆ. ಅವರಿಗೆ ಹೆಸರು ಇಲ್ವಾ? ದುಡ್ಡು ಎಷ್ಟು ಕೊಟ್ಟರು?

ಖಾನಾಪುರ_ಮಳೆ
ಇದು ಸರಿಯಾದ ಪ್ರಶ್ನೆ ಅಕ್ಕಾ.

ಒಂದು_ನಿಮಿಷ_ಸಾಕು (ವಿಜಯಪುರ)
ಚಿಕ್ಕದಾಯ್ತು ಅನ್ನುವವರಿಗೆ ಒಂದು ಮಾತು. ದಿ ರೆಸಿಡೆಂಟ್ಸ್ ಅಂತ ಅಮೆರಿಕದ ಒಂದು ವಿಚಿತ್ರ ಬ್ಯಾಂಡ್ ಇದೆ, ತಲೆಗೆ ಕಣ್ಣುಗುಡ್ಡೆಯ ಮುಖವಾಡ ಹಾಕಿಕೊಳ್ಳೋರು. 1980ರಲ್ಲಿ ಒಂದು ಆಲ್ಬಮ್ ತಂದರು, ಒಂದೊಂದು ನಿಮಿಷದ 40 ಹಾಡು. ಇನ್ನೊಂದು ಬ್ಯಾಂಡ್ ವುಲ್ಫ್‌ಪೆಕ್. 2014ರಲ್ಲಿ ಅವರು ಸ್ಪಾಟಿಫೈಗೆ ಹಾಕಿದ್ದು 10 ಹಾಡು, ಎಲ್ಲದರಲ್ಲೂ ಬರೀ ಮೌನ! ಒಂದೊಂದೂ ಅರ್ಧ ನಿಮಿಷ. "ಮಲಗುವಾಗ ಹಚ್ಚಿಡಿ" ಅಂತ ಅಭಿಮಾನಿಗಳಿಗೆ ಹೇಳಿದರು. ಬಂದ ದುಡ್ಡಿನಲ್ಲಿ ಊರೂರಿಗೆ ಹೋಗಿ ಪುಕ್ಕಟೆ ಕಛೇರಿ ಮಾಡಿದರು. ಸ್ಪಾಟಿಫೈ ಅದನ್ನ ತೆಗೆಸಿತು, ಅದು ಬೇರೆ ವಿಷಯ.

ಅರ್ಧ ನಿಮಿಷ ಯಾಕೆ ಅಂದರೆ, 30 ಸೆಕೆಂಡ್ ಓಡಿದರೆ ಮಾತ್ರ ಅಲ್ಲಿ ಒಂದು ಸಲ ಕೇಳಿದ ಲೆಕ್ಕಕ್ಕೆ ಬರೋದು. ನಮ್ಮ ಹುಡುಗರ ನಾಲ್ಕನೇ ಹಾಡು 41 ಸೆಕೆಂಡ್. ಲೆಕ್ಕ ಹಾಕಿಯೇ ಮಾಡಿರಬೇಕು.

ತಾಳ_ತಪ್ಪಿದವ
ಲೆಕ್ಕ ಹಾಕಿ ಏನು ಬಂತು? 2024ರಿಂದ ವರ್ಷಕ್ಕೆ 1000 ಸಲ ಓಡದ ಹಾಡಿಗೆ ಅಲ್ಲಿ ಬಿಡಿಗಾಸೂ ಇಲ್ಲ. ನಮ್ಮ ಗುಂಪಿನವರೆಲ್ಲ ಸೇರಿ ಹಚ್ಚಿಟ್ಟು ಮಲಗಬೇಕು.

ರೇಡಿಯೋ_ಕಾಕಾ (ಬೀಳಗಿ)
ಮಕ್ಕಳೇ, ಚಿಕ್ಕದು ಅಂತ ಇಷ್ಟು ಗದ್ದಲವಾ? 78ರ ಗ್ರಾಮಾಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಮೂರು ನಿಮಿಷ ಚಿಲ್ಲರೆ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿ, ಕೊನೆಗೆ ತಮ್ಮ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳೋದು ಅಷ್ಟರಲ್ಲೇ. ಮಿರಜದ ಅಬ್ದುಲ್ ಕರೀಂ ಖಾನರು ತಾಸುಗಟ್ಟಲೆ ಹಾಡುವ ರಾಗವನ್ನ ತಟ್ಟೆಗೆ ಅಷ್ಟಕ್ಕೇ ಇಳಿಸಿದರು. ಅವು ಅರ್ಧ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಇನ್ನು ಒಂದು ಥರದಿಂದ ಇನ್ನೊಂದಕ್ಕೆ ಜಿಗಿಯೋದು. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ನಾಟಕದ ಪದ ಹಾಡಿದರು, ಭಜನೆ ಹಾಡಿದರು, 1943ರ ‘ಕಿಸ್ಮತ್’ ಸಿನಿಮಾಕ್ಕೂ ಹಾಡಿದರು. ಯಾರೂ "ಅಮ್ಮಾ, ಒಂದು ದಾರಿ ಹಿಡೀರಿ" ಅನ್ನಲಿಲ್ಲ. ಅಂದಿದ್ದರೂ ಅವರು ಕೇಳುತ್ತಿರಲಿಲ್ಲ.

ಆದರೆ ತಮ್ಮಂದಿರಾ, ನಾಲ್ಕನೇ ಹಾಡು ನನಗೆ ಸೇರಲಿಲ್ಲ. ಗೀಗೀ ಪದದ ಹರದೇಶಿ-ನಾಗೇಶಿ ಅಂದರೆ ರಾತ್ರಿಯಿಡೀ ನಡೆಯುವ ಜಗಳ. ಗಂಡು ದೊಡ್ಡದು ಅಂತ ಒಂದು ಮೇಳ, ಹೆಣ್ಣು ದೊಡ್ಡದು ಅಂತ ಇನ್ನೊಂದು. ಸವಾಲಿಗೆ ಜವಾಬು ಹುಡುಕುವಷ್ಟರಲ್ಲಿ ದಪ್ಪಿನ ಪೆಟ್ಟು, ತುಂತುಣಿ, ಹಿಂದಿನವರ "ಗೀಯ ಗಾ". ಬೆಳಗಾಗುವಾಗ ಯಾರು ಗೆದ್ದರು ಅಂತ ಕೇಳುವವರಿಗೂ ನೆನಪಿರೋದಿಲ್ಲ. ಇಲ್ಲಿ ಒಂದು ಸವಾಲು, ಒಂದು ಜವಾಬು, ಬಾಗಿಲು ಹಾಕಿದಂತೆ ಢಬ್ ಅಂತ ಮುಗೀತು.

ಇಳಕಲ್_ದಡಿ
ಕಾಕಾ, ಆ ಢಬ್ ಅಂತ ಮುಗಿಯೋದೇ ಮಜಾ! ರ್‍ಯಾಪ್ ಮಾಡಿದ ಹುಡುಗ ಹರದೇಶಿ, ಬೇಸ್ ಹುಡುಗಿ ನಾಗೇಶಿ. ಅವನು ಉಸಿರು ಬಿಡದೆ ಮೂವತ್ತು ಸೆಕೆಂಡ್ ಒದರ್ತಾನೆ. ಅವಳು ಒಂದೇ ಸಾಲು ಹೇಳ್ತಾಳೆ, ಹಾಡು ಬಂದ್. ಇನ್ನೊಂದು ಸಾಲು ಬಂದಿದ್ದರೆ ಅವಳು ಗೆದ್ದದ್ದು ಹಾಳಾಗ್ತಿತ್ತು. ನಮ್ಮ ಹಾಸ್ಟೆಲ್ ರೂಮಿನಲ್ಲಿ ನಿನ್ನೆಯಿಂದ ಯಾರು ಏನು ಕೇಳಿದರೂ ಆ ಒಂದು ಸಾಲೇ ಉತ್ತರ.

ರೇಡಿಯೋ_ಕಾಕಾ
ಅದು ಒಪ್ಪಿದೆ ಮಗಳೇ. ಆದರೂ ನನಗೆ ಬೆಳಗಿನವರೆಗೆ ಬೇಕು.

ಮೂರನೇ_ಗೇಟ್
ನೋಡಿ, ಕಾಕಾ ನನ್ನ ಕಡೆ ಬಂದರು.

ರೇಡಿಯೋ_ಕಾಕಾ
ಬಂದಿಲ್ಲ. ನನ್ನ ಜಗಳ ನಾಲ್ಕನೆಯದರ ಜೊತೆ, ನಿಂದು ಮೂರನೆಯದರ ಜೊತೆ.

ಗುಮ್ಮಟ_ಗೈಡ್_ಅಲ್ಲ (ವಿಜಯಪುರ)
ಐದನೇ ಹಾಡಿನ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ಇಡೀ ಇಪಿಯಲ್ಲಿ ಉದ್ದದ್ದು ಅದೇ, 4 ನಿಮಿಷ. ಹಾರ್ಮೋನಿಯಂ ಬಾತೆ (ತಿದಿ) ಎಳೆಯುವ ಉಸಿರಿನ ಸದ್ದೂ ಕೇಳುತ್ತೆ. ಕೊನೆಯ ಸಾಲಿಗೆ ಪ್ರತಿಧ್ವನಿ ಬರುತ್ತಲ್ಲ, ಅದನ್ನ ಕೇಳಿ ನಮ್ಮ ಗೆಳೆಯರೆಲ್ಲ "ಗೋಲಗುಮ್ಮಟದಲ್ಲಿ ರೆಕಾರ್ಡ್ ಮಾಡಿದ್ದಾರೆ" ಅಂತ ಸ್ಟೇಟಸ್ ಹಾಕಿದ್ದಾರೆ.

ನನಗೆ ಅನುಮಾನ. ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಈ ಕಡೆ ಗೋಡೆಯಲ್ಲಿ ನಿಂತು ಕೂಗಿದರೆ ಆ ಕಡೆ ಬಡಿದು ವಾಪಸ್ ಬರೋಕೆ 76 ಮೀಟರ್. ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತೆ ಅಂದರೆ ಸುಮಾರು 0.22 ಸೆಕೆಂಡ್. ಹಾಡಿನ ಪ್ರತಿಧ್ವನಿಯನ್ನ ಕಂಪ್ಯೂಟರ್‌ನಲ್ಲಿ ಹಾಕಿ ಅಳೆದೆ. ಅರ್ಧ ಸೆಕೆಂಡಿಗೊಂದು ಬರುತ್ತೆ, ಎಲ್ಲವೂ ಅಚ್ಚುಕಟ್ಟು. ಗುಮ್ಮಟದ್ದು ಅಷ್ಟು ಅಚ್ಚುಕಟ್ಟಾಗಿ ಇರಲ್ಲ, ಒಂದರ ಮೇಲೊಂದು ಬೀಳುತ್ತೆ. ಅದೂ ಅಲ್ಲದೆ ಅಲ್ಲಿ ಹಾಡೋದೆಲ್ಲಿ? ಬೆಳಗ್ಗೆ ಗೇಟು ತೆಗೆದ ಹತ್ತು ನಿಮಿಷಕ್ಕೆ ಶಾಲೆ ಮಕ್ಕಳು ಮೇಲೆ ಹತ್ತಿ ಸೀಟಿ ಹೊಡೆಯೋಕೆ ಶುರು ಮಾಡ್ತಾರೆ.

ಒಂದು_ನಿಮಿಷ_ಸಾಕು
ನೀನು ಗೈಡ್ ಅಲ್ಲ ಅಂದ್ರೂ ಗೈಡೇ.

ಗುಮ್ಮಟ_ಗೈಡ್_ಅಲ್ಲ
ಊರಿನ ದೋಷ. ಹಾಗೆ ನೋಡಿದರೆ ಥರಾವರಿ ಬೆರೆಸುವುದರಲ್ಲಿ ನಮ್ಮೂರೇ ಮೊದಲು. ಎರಡನೇ ಇಬ್ರಾಹಿಂ ಆದಿಲ್ ಶಾ ಸುಲ್ತಾನನಾಗಿ ಸರಸ್ವತಿಯನ್ನೂ ಗಣಪತಿಯನ್ನೂ ಹೊಗಳಿ ದಖನಿಯಲ್ಲಿ ಪದ ಕಟ್ಟಿದ, ಒಂದೊಂದಕ್ಕೂ ರಾಗ ಹೇಳಿದ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರು ಬೇರೆ ಇಟ್ಟಿದ್ದ. ತೊರವಿ ಹತ್ತಿರ ಸಂಗೀತ ಮಹಲ್ ಈಗ ಪಾಳು ಬಿದ್ದಿದೆ. ಹುಡುಗರು ವಿಡಿಯೊ ಮಾಡೋದಿದ್ದರೆ ಗುಮ್ಮಟ ಬಿಟ್ಟು ಅಲ್ಲಿಗೆ ಬರಲಿ, ಚಹಾ ನನ್ನ ಲೆಕ್ಕ.

ಡ್ರಮ್ಸ್_ಹಿಂದಿನವ (ಬೆಳಗಾವಿ)
ನಮಸ್ಕಾರ ಎಲ್ಲರಿಗೂ. ಬ್ಯಾಂಡಿನವನೇ ನಾನು, ನಿರ್ವಾಹಕರಿಗೆ ಗೊತ್ತು. ಓದಿ ಸುಮ್ನೆ ಹೋಗೋಣ ಅಂದ್ಕೊಂಡಿದ್ದೆ. ಸವದತ್ತಿ ಅಕ್ಕನ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಚೌಡಿಕೆ ಬಾರಿಸಿದ ಅಮ್ಮ ತಮ್ಮ ಹೆಸರು ಆನ್‌ಲೈನ್ ಹಾಕಬೇಡಿ ಅಂದರು. ಯಾಕೆ ಅಂತ ಹೇಳಿದ್ದಾರೆ, ಅದನ್ನ ಇಲ್ಲಿ ಬರೆಯಲ್ಲ. ಕ್ಯಾಸೆಟ್ ಮಾಡಿಸ್ತಿದ್ದೀವಿ, ಅದರ ಕವರ್ ಮೇಲೆ ಅವರ ಹೆಸರು ಮೊದಲು ಇರುತ್ತೆ. ಅದಕ್ಕೆ ಒಪ್ಪಿದ್ದಾರೆ. ದುಡ್ಡು ನಮ್ಮ ನಾಲ್ವರಿಗೆ ಎಷ್ಟೋ ಅವರಿಗೂ ಅಷ್ಟೇ, ಐದು ಪಾಲು. ಬರುವ ದುಡ್ಡು ಎಷ್ಟು ಅಂತ ಮೇಲೆ ತಾಳ ತಪ್ಪಿದವರು ಹೇಳಿಬಿಟ್ಟಿದ್ದಾರೆ. ಅದಕ್ಕೇ ಅವರ ಪಾಲನ್ನ ಮುಂಚೆಯೇ ಕೈಯಿಂದ ಕೊಟ್ಟಿದ್ದೀವಿ.

ಐದನೇ ಹಾಡು ಗೋಲಗುಮ್ಮಟದ್ದಲ್ಲ. ಅಜ್ಜನ ಮನೆಯ ಪಡಸಾಲೆ, ಒಂದೇ ಮೈಕ್. ಪ್ರತಿಧ್ವನಿ ಸಾಫ್ಟ್‌ವೇರ್.

ಸವದತ್ತಿ_ಅಕ್ಕ
ಸರಿ. "ಸಾಂಪ್ರದಾಯಿಕ" ಅನ್ನೋದನ್ನ ತೆಗೆದು "ಹೆಸರು ಹೇಳಲು ಇಷ್ಟಪಡದ ಕಲಾವಿದೆ" ಅಂತ ಹಾಕ್ರಿ. ಅಷ್ಟು ಮಾಡಬಹುದು.

ಡ್ರಮ್ಸ್_ಹಿಂದಿನವ
ಇವತ್ತೇ ಬದಲಿಸ್ತೀವಿ ಅಕ್ಕಾ.

ಖಾನಾಪುರ_ಮಳೆ
ಕ್ಯಾಸೆಟ್! 13 ನಿಮಿಷಕ್ಕೆ? ಉಳಿದ ಟೇಪ್ ಏನು ಮಾಡ್ತೀರಿ?

ಡ್ರಮ್ಸ್_ಹಿಂದಿನವ
ಎರಡೂ ಬದಿಗೆ ಅದೇ ಐದು ಹಾಡು. ಉಳಿದ ಟೇಪ್ ಖಾಲಿ, ನೀವು ಏನಾದರೂ ರೆಕಾರ್ಡ್ ಮಾಡಿಕೊಳ್ಳಿ. ಮೂರನೇ ಹಾಡಿನ ಕೈತಾಳದ ಸದ್ದು ಇಳಿಸಿ ಹಾಕ್ತೀವಿ. ನಿಮ್ಮೊಬ್ಬರದೇ ದೂರಲ್ಲ ಅದು.

ಇಂಡಿ_ನಿಂಬೆಹಣ್ಣು
ಮನೆ ಮುಟ್ಟಿದೆ. ನಾನೂ ಬರೀತೀನಿ ಅಂದಿದ್ದೆ, ಎಲ್ಲ ನೀವೇ ಬರೆದುಬಿಟ್ಟಿದ್ದೀರಿ. ಒಂದೇ ಹೇಳ್ತೀನಿ. ಈ ಐದು ಹಾಡಿನಲ್ಲಿ ಯಾವುದೂ ಇನ್ನೊಂದರ ಅಣ್ಣತಮ್ಮ ಅಲ್ಲ. ಆದರೂ ಐದನೆಯದು ಮುಗಿದ ಮೇಲೆ ಒಂದನೆಯದರ ಚೌಡಿಕೆ ತಾನಾಗೇ ಬಂದರೆ ತಪ್ಪು ಅನ್ನಿಸಲ್ಲ. ರಿಪೀಟ್ ಹಾಕಿ ನೋಡಿ. ಹಾರ್ಮೋನಿಯಂ ಯಾವ ಸ್ವರಕ್ಕೆ ನಿಲ್ಲುತ್ತೋ ಚೌಡಿಕೆ ಅದೇ ಸ್ವರದಿಂದ ಎದ್ದು ಬರುತ್ತೆ.

ತಾಳ_ತಪ್ಪಿದವ
ಹಾರ್ಮೋನಿಯಂ ತಂದು ನೋಡಿದೆ. ಖರೇ. ಕಪ್ಪು ಎರಡು, ಅಂದರೆ ಎರಡನೇ ಕಪ್ಪು ಮನೆ.

ಮೂರನೇ_ಗೇಟ್
ಡ್ರಮ್ಸ್ ಅಣ್ಣಾ, ನನ್ನ ಪ್ರಶ್ನೆ ಒಂದೇ. ಮೂರನೇ ಹಾಡಿನ ಉದ್ದದ ಟೇಕ್ ಇದೆಯೋ ಇಲ್ಲವೋ?

ಡ್ರಮ್ಸ್_ಹಿಂದಿನವ
ಇದೆ. 9 ನಿಮಿಷದ್ದು. ಆ ಕೂಡೋದು ಅದರಲ್ಲಿ ತುಂಬಾ ಸಲ ಬರುತ್ತೆ. ಎರಡನೇ ಸಲಕ್ಕೆ ನನ್ನ ಕೈ ತಪ್ಪಿದೆ, ಮೂರನೇ ಸಲಕ್ಕೆ ಬೇಸ್ ತಂತಿ ಕಡಿದಿದೆ. ಅವಳು ಬೈದದ್ದೂ ರೆಕಾರ್ಡ್ ಆಗಿದೆ.

ಮೂರನೇ_ಗೇಟ್
ಅದನ್ನೇ ಹಾಕಿ! ಕ್ಯಾಸೆಟ್‌ನ ಖಾಲಿ ಟೇಪಿನಲ್ಲಿ ಜಾಗ ಇದೆಯಲ್ಲ.

ಇಳಕಲ್_ದಡಿ
ಬೈಗುಳ ಸಮೇತ ಹಾಕಿ. ನಮ್ಮ ಹಾಸ್ಟೆಲ್‌ನಿಂದ ಹತ್ತು ಕ್ಯಾಸೆಟ್ ಗ್ಯಾರಂಟಿ, ಟೇಪ್ ರೆಕಾರ್ಡರ್ ಯಾರ ಹತ್ರ ಇದೆ ಅಂತ ಆಮೇಲೆ ಹುಡುಕ್ತೀವಿ.

ರೇಡಿಯೋ_ಕಾಕಾ
ನನ್ನ ಹತ್ರ ಎರಡಿವೆ. ಒಂದು ಓಡುತ್ತೆ.

ಡ್ರಮ್ಸ್_ಹಿಂದಿನವ
ಅವಳನ್ನ ಕೇಳಿ ಹೇಳ್ತೀನಿ. ಈಗ ಪ್ರಾಕ್ಟೀಸ್‌ಗೆ ಹೊರಟಿದ್ದೀನಿ, ಇದನ್ನೆಲ್ಲ ಓದಿ ಹೇಳಿದರೆ ಬೈತಾಳೆ ಅಂತ ಗೊತ್ತು. ಬೆಂಜೊ ಮಗ, ನಿಮ್ಮ ಅಪ್ಪನಿಗೆ ಹೇಳಿ, ಶ್ರುತಿ ಇಳಿದದ್ದು ನಮಗೂ ಗೊತ್ತಾಗಿತ್ತು. ಅವರಿಗೆ ಪುರುಸೊತ್ತು ಇದ್ದರೆ ಭಾನುವಾರ ಬಂದು ಒಮ್ಮೆ ಶ್ರುತಿ ಮಾಡಿಕೊಡ್ತಾರಾ?

ಬೆಂಜೊ_ಮಗ
ಕೇಳಿದೆ. ಬರ್ತಾರಂತೆ. ತಂತಿ ಮಾತ್ರ ಹೊಸದು ತಂದಿಡಿ ಅಂದರು, ಹಳೇದಕ್ಕೆ ಕೈ ಹಚ್ಚಲ್ಲವಂತೆ.